ಪಂಚಾಯ್ತಿ ಕಟ್ಟಡ ಕಟ್ಟುವ ಮೊದಲು ಹಸು ಕಟ್ಟುವ ಜಾಗ

ಸರ್ಕಾರಿ ಕಟ್ಟಡಕ್ಕೆ ಎಂಥ ಜಾಗ ಸಿಗುತ್ತದೆ ಗೊತ್ತಾ? ಯಾರಿಗೂ ಬೇಡವಾಗಿ ಉಳಿದದ್ದು. ಕೆರೆಯ ಅಂಚು, ಹಳ್ಳದ ಪಕ್ಕ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು. ಶ್ರೀರಂಗಪಟ್ಟಣ ತಾಲ್ಲೂಕಿನ ಹೊಳೆದಂಡೆಯ ಊರೊಂದಕ್ಕೆ ಪಂಚಾಯ್ತಿ ಕಟ್ಟಡದ ನಕ್ಷೆ ಮಾಡಲು ಕರೆದಾಗ ನನಗೆ ತೋರಿಸಿದ್ದೂ ಅಂಥದ್ದೇ ಜಾಗ. ಹೊಳೆ ಉಕ್ಕಿದಾಗ ಅದೇ ಕಟ್ಟಡ ಸಂತ್ರಸ್ತರು ಉಳಿಯುವ ಕಾಳಜಿ ಕೇಂದ್ರವೂ ಆಗಬೇಕು ಅಂತ ಬೇರೆ ಹೇಳಿದರು!

ನಮ್ಮ ಕಡೆ ಪ್ರವಾಹ ರಾತ್ರೋರಾತ್ರಿ ನುಗ್ಗುವುದು ಕಡಿಮೆ. ಕೊಡಗಿನಲ್ಲಿ ಮಳೆ ಹಿಡಿದರೆ ಕೆಆರ್‌ಎಸ್ ತುಂಬುತ್ತದೆ. ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಬಂದ ಮೇಲೆ ಬಂದಷ್ಟು ನೀರನ್ನು ಹೊಳೆಗೆ ಬಿಡಲೇಬೇಕು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದರು ಅಂದರೆ ನಮಗೆ ಮೊದಲ ಸೂಚನೆ. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದರೆ ವೆಲ್ಲೆಸ್ಲಿ ಸೇತುವೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ, ತಗ್ಗಿನ ಗದ್ದೆ ತೋಟಕ್ಕೆ ನೀರು. ಎಚ್ಚರಿಕೆಯನ್ನು ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಾರೆ. ಟೈಮ್ ಇರುತ್ತದೆ. ಆದರೂ ಜನ ಮನೆ ಬಿಟ್ಟು ಏಳುವುದಿಲ್ಲ. ನನ್ನ ತಲೆಯಲ್ಲಿ ಕೂತಿದ್ದು ಇದೇ ಪ್ರಶ್ನೆ.

ಮೊದಲು ಮಟ್ಟದ ಲೆಕ್ಕ. 2018, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿಕೊಂಡು ಊರೆಲ್ಲ ಸುತ್ತಿದೆ. ಹಿರಿಯರ ಮಾತು ಒಬ್ಬರದು ಒಂದು ಥರ. ಒಬ್ಬರು ಮೊಣಕಾಲು ಅಂದರೆ ಇನ್ನೊಬ್ಬರು ಎದೆ ಅಂದರು. ಹುಡುಗರ ಮೊಬೈಲಿನಲ್ಲಿದ್ದ ಫೋಟೋಗಳೇ ನಿಜವಾದ ಸಾಕ್ಷಿ. ದೇವಸ್ಥಾನದ ಜಗಲಿಯ ಎಷ್ಟನೇ ಮೆಟ್ಟಿಲು, ಕರೆಂಟ್ ಕಂಬದ ಯಾವ ಗುರುತು, ಎಲ್ಲ ಕಾಣುತ್ತಿತ್ತು. ಆ ಗುರುತುಗಳ ಮೇಲೆ ಲೆವೆಲ್ ಹಿಡಿದು ನೋಡಿದಾಗ ತೋರಿಸಿದ ಜಾಗ ಆಗುವುದಿಲ್ಲ ಅಂತ ಸದಸ್ಯರಿಗೇ ಅರ್ಥವಾಯಿತು. ಶಾಲೆಯ ಹಿಂದಿನ ದಿಣ್ಣೆ ಸಿಕ್ಕಿತು. ಅಲ್ಲೂ ಸೈಜುಗಲ್ಲಿನ ಪಾಯವನ್ನು ಹಳೆಯ ನೀರಿನ ಗುರುತಿಗಿಂತ ಎತ್ತರಕ್ಕೇ ತಂದೆವು. ಮುಂದೆ ಇಳಿಜಾರು ದಾರಿ, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅಜ್ಜಿಯರು, ಗಾಲಿಕುರ್ಚಿಯವರು ಹತ್ತಬೇಕಲ್ವಾ.

ಭೂಕಂಪದ ವಿಷಯಕ್ಕೆ ಬಂದರೆ ಆಗಿನ ನಕ್ಷೆಯ ಪ್ರಕಾರ ನಮ್ಮದು ಎರಡನೇ ವಲಯ, ಅಪಾಯ ಕಡಿಮೆ. ಆದರೂ ಇಂಥ ಸಾರ್ವಜನಿಕ ಕಟ್ಟಡಗಳಿಗೆ ಭೂಕಂಪದ ಬಲವನ್ನು ಒಂದೂವರೆ ಪಟ್ಟು ಹಿಡಿದು ಲೆಕ್ಕ ಹಾಕಬೇಕು ಅನ್ನುತ್ತಿತ್ತು ನಾವು ಆಗ ಹಿಡಿದ ಭೂಕಂಪ ವಿನ್ಯಾಸದ ಭಾರತೀಯ ಮಾನದಂಡ, 2016ರ ಐಎಸ್ 1893. ಹಾಗೇ ಮಾಡಿದೆವು. ಖರ್ಚೇನೂ ಜಾಸ್ತಿ ಬರಲಿಲ್ಲ.

ತಲೆನೋವು ಕೊಟ್ಟಿದ್ದು ಶೌಚಾಲಯ. ಸಾಮಾನ್ಯವಾಗಿ ಅದನ್ನು ಕಟ್ಟಡದ ಹಿಂದೆ, ಒಂದೆರಡು ಮೆಟ್ಟಿಲು ಕೆಳಗೆ ಕಟ್ಟುತ್ತಾರೆ. ಹೊಳೆ ಏರಿದಾಗ ಗುಂಡಿ ತುಂಬಿ, ಕೊಳಕು ನೀರು ಕಮೋಡಿನಿಂದಲೇ ವಾಪಸ್ ಮೇಲೆ ಬರುತ್ತದೆ. ನೂರಾರು ಜನ ಸೇರಿದ ಕಡೆ ಅದೊಂದು ಆದರೆ ಕಾಯಿಲೆ ಗ್ಯಾರಂಟಿ. ಹಾಗಾಗಿ ಶೌಚಾಲಯದ ನೆಲವನ್ನು ಹಾಲ್‌ನ ಮಟ್ಟಕ್ಕೇ ಎತ್ತಿದೆವು, ಪೈಪಿಗೆ ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿದೆವು, ಬೋರ್‌ವೆಲ್ ಕೇಸಿಂಗ್ ಪೈಪನ್ನೂ ನೀರಿನ ಗುರುತಿಗಿಂತ ಮೇಲೆ ತಂದೆವು. ಹೆಂಗಸರ ಕಡೆಗೆ ಬೇರೆ ಬಾಗಿಲು, ಬೇರೆ ದೀಪ. ಮೇನ್ ಬೋರ್ಡ್ ಲಿಂಟಲ್ ಎತ್ತರದಲ್ಲಿ. ಕಡತಗಳು ಮಹಡಿಗೆ. ಕಪಾಟುಗಳಿಗೆ ಪ್ಲೈವುಡ್ ಬೇಡವೇ ಬೇಡ ಅಂದೆ. ನೆನೆದರೆ ಬಿಸ್ಕೆಟ್ಟಿನ ಥರ ಉಬ್ಬುತ್ತದೆ. ಕಡಪ ಕಲ್ಲು ಹಾಕಿಸಿದೆ.

ಜನ ಯಾಕೆ ಏಳುವುದಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಗ್ರಾಮಸಭೆಯಲ್ಲಿ. ನಕ್ಷೆ ಹಾಸಿಕೊಂಡು ಹಾಲ್ ಇಲ್ಲಿ, ಅಡುಗೆ ಇಲ್ಲಿ ಅಂತ ವಿವರಿಸುತ್ತಿದ್ದೆ. ಹಿಂದೆ ಕೂತಿದ್ದ ಹೆಂಗಸೊಬ್ಬರು, "ನಾವೇನೋ ಬಂದ್ಬುಡ್ತೀವಿ ಸಾ, ಹಸ ಎಲ್ ಕಟ್ಟದು?" ಅಂದರು. ಸುತ್ತ ಇದ್ದವರೆಲ್ಲ ತಲೆ ಆಡಿಸಿದರು. ಹಾಲು ಡೈರಿಗೆ ಹಾಕಿ ಬಂದ ದುಡ್ಡಿನಲ್ಲಿ ಮನೆ ನಡೆಯುವ ಊರು. ಹಸುವನ್ನು ನೀರಿನಲ್ಲಿ ಬಿಟ್ಟು ಯಾರು ಬರುತ್ತಾರೆ?

ಅಲ್ಲಿಗೆ ನಕ್ಷೆ ಬದಲಾಯಿತು. ದಿಣ್ಣೆಯ ಇನ್ನೊಂದು ಮಗ್ಗುಲಲ್ಲಿ ಎತ್ತರಿಸಿದ ಅಂಗಳ, ಮೇಲೆ ಶೀಟ್, ಉದ್ದಕ್ಕೆ ನೀರಿನ ತೊಟ್ಟಿ, ಕಟ್ಟಲು ಕಬ್ಬಿಣದ ಬಳೆ. ಗಂಜಲ ಹರಿದುಹೋಗಲು ಚರಂಡಿ, ಅದೂ ಹಾಲ್‌ನ ಕಡೆ ಅಲ್ಲ, ತೋಟದ ಕಡೆಗೆ. ಪಂಚಾಯ್ತಿ ಕಟ್ಟಡದ ಎಸ್ಟಿಮೇಟಿನಲ್ಲಿ ಕೊಟ್ಟಿಗೆ ಯಾಕೆ ಅಂತ ಕಚೇರಿಯೊಂದರಲ್ಲಿ ಫೈಲ್ ಎಷ್ಟೋ ದಿನ ಕೂತಿತ್ತು. ಕೊನೆಗೆ ಅದನ್ನು 'ವಾಹನ ನಿಲುಗಡೆ ಮತ್ತು ಸಮುದಾಯ ಶೆಡ್' ಅಂತ ಬರೆದ ಮೇಲೆ ಮುಂದೆ ಹೋಯಿತು. ಸುಳ್ಳೇನಲ್ಲ, ಬೀಗರ ಊಟದ ದಿನ ಪಂಕ್ತಿ ಹಾಕುವುದು ಅಲ್ಲೇ.

ವರ್ಷವಿಡೀ ಬೀಗ ಹಾಕಿಟ್ಟ ಕಾಳಜಿ ಕೇಂದ್ರಗಳನ್ನು ನೋಡಿದ್ದೇನೆ. ಬೇಕಾದ ದಿನ ಬೀಗದ ಕೈ ಯಾರ ಹತ್ತಿರ ಅಂತಲೇ ಗೊತ್ತಿರುವುದಿಲ್ಲ, ಮೋಟಾರ್ ಹಿಡಿದುಕೊಂಡಿರುತ್ತದೆ, ನಲ್ಲಿ ಕಳುವಾಗಿರುತ್ತದೆ. ಹಾಗಾಗಿ ಹಾಲ್‌ನಲ್ಲಿ ಕದಲದ ಮೇಜು ಕುರ್ಚಿ ಏನೂ ಇಡಲಿಲ್ಲ. ಒಂದು ಮೂಲೆಯಲ್ಲಿ ಓದುವ ಮಕ್ಕಳಿಗೆ ಅರಿವು ಕೇಂದ್ರ, ಅಂದರೆ ಪಂಚಾಯ್ತಿ ಗ್ರಂಥಾಲಯ. ಉಳಿದದ್ದು ಸಂಘದ ಸಭೆಗೆ, ಲಸಿಕೆಗೆ, ನಾಮಕರಣಕ್ಕೆ. ಅಡುಗೆ ಜಾಗದಲ್ಲಿ ದೊಡ್ಡ ಹಂಡೆ ಕೂರುವಂಥ ಒಲೆ. ಬೀಗದ ಕೈಯನ್ನು ಹಾಲಿನ ಡೈರಿಯಲ್ಲಿಟ್ಟೆವು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ತೆರೆಯುವ ಜಾಗ ಊರಿನಲ್ಲಿ ಅದೊಂದೇ.

2024ರ ಜುಲೈ ಕೊನೆಯಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟರು. ಮೊದಲು ಬಂದದ್ದು ಹಸುಗಳು, ಹಿಂದೆಯೇ ಜನ. ಒಣಹುಲ್ಲು ಇಡಲು ಜಾಗ ಸಾಲದೆ ಹಾಲ್‌ನ ವರಾಂಡದಲ್ಲೇ ಪೇರಿಸಿದ್ದರು. ಅದು ಒಲೆಗೆ ಹತ್ತಿರ, ಬೆಂಕಿಯ ಭಯ. ಅದಕ್ಕೇ ಶೆಡ್ಡಿನ ಮೇಲೊಂದು ಅಟ್ಟ ಹಾಕಿಸಿ ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಹೇಳಿದ್ದೇನೆ. ಹಾಲ್‌ನ ಬಾಡಿಗೆಯಿಂದ ಬಂದ ದುಡ್ಡಿನಲ್ಲೇ ಮಾಡಿಸುತ್ತೇವೆ ಅಂದಿದ್ದಾರೆ.