ಹಳೇ ಫೈಲ್ ಶ್ರೆಡ್ಡಿಂಗಿಗೆ ಹೊರಗಡೆ ಕೊಡ್ತೀರಾ? ಮೊದಲು ಇಷ್ಟು ನೋಡ್ಕೊಳ್ಳಿ

ಬೋಂಡ ಕಟ್ಟಿಕೊಟ್ಟ ಪೇಪರಲ್ಲಿ ಯಾರದೋ ಸ್ಯಾಲರಿ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು ನೀವೂ ನೋಡಿರ್ತೀರ. ಯಾವುದೋ ಆಫೀಸ್ನೋರು ತೂಕಕ್ಕೆ ಹಾಕಿದ್ದೇ ಅದು. ನಾವು ಹಾಗೆಲ್ಲ ಮಾಡಲ್ಲಪ್ಪ, ಮೆಷಿನ್ನಲ್ಲಿ ಪೇಪರ್ ಚೂರು ಮಾಡೋ ಶ್ರೆಡ್ಡಿಂಗ್ ವೆಂಡರಿಗೇ ಕೊಡ್ತೀವಿ ಅಂತೀರ, ಸರಿ, ಆದ್ರೆ ಆ ವೆಂಡರ್ ಗೋಡೌನಿಂದ ಅದು ಎಲ್ಲಿಗೆ ಹೋಗುತ್ತೆ ಅಂತ ಯಾವತ್ತಾದ್ರೂ ಕೇಳಿದೀರಾ?

ಇಲ್ಲಿ ದುಡ್ಡಿನ ಲೆಕ್ಕ ಅರ್ಥ ಮಾಡ್ಕೊಳ್ಳಿ. ಇಡೀ ಬಿಳಿ ಪೇಪರಿಗೆ ಸಿಗೋ ರೇಟು ಚೂರು ಮಾಡಿದ್ದಕ್ಕೆ ಸಿಗಲ್ಲ, ಯಾಕಂದ್ರೆ ಕತ್ತರಿಸಿದಾಗ ನಾರು ತುಂಡಾಗಿ ಪೇಪರ್ ಮಿಲ್ಲಲ್ಲಿ ಅದರ ದರ್ಜೆ ಇಳಿಯುತ್ತೆ. ಅಂದ್ರೆ ಕತ್ತರಿಸದೇ ಮಾರಿದ್ರೇ ವೆಂಡರಿಗೆ ಲಾಭ! ಕೇಜಿಗೆ ಇಷ್ಟು ಅಂತ ನಿಮಗೇ ದುಡ್ಡು ಕೊಟ್ಟು ಒಯ್ಯೋನು ಸಿಕ್ಕಿದ್ರೆ ಖುಷಿ ಪಡಬೇಡಿ, ಶ್ರೆಡ್ಡಿಂಗಿಗೆ ಚಾರ್ಜ್ ಮಾಡೋನೇ ವಾಸಿ.

ಕೊಡೋ ಮುಂಚೆ ಏನೇನು ನಾಶ ಮಾಡಬಹುದು ಅಂತ ನಿಮ್ಮ ಸಿಎ ಹತ್ರ ಕೇಳಿ. ಕಂಪನಿ ಆದ್ರೆ ಲೆಕ್ಕದ ಪುಸ್ತಕ, ವೋಚರ್ 8 ವರ್ಷ ಇಡ್ಬೇಕು, ಜಿಎಸ್‌ಟಿ ದಾಖಲೆ ಆ ವರ್ಷದ ಆನ್ಯುಯಲ್ ರಿಟರ್ನ್ ಕೊನೇ ದಿನಾಂಕದಿಂದ 72 ತಿಂಗಳು. ಕೇಸು, ನೋಟಿಸ್ ನಡೀತಿದ್ರೆ ಆ ಫೈಲ್ ಮುಟ್ಟಲೇಬೇಡಿ.

ಆಮೇಲೆ ಚೀಲ. ತುಂಬಿದ ತಕ್ಷಣ ನಿಮ್ಮೋರೇ ನಂಬರ್ ಇರೋ ಪ್ಲಾಸ್ಟಿಕ್ ಸೀಲ್ ಹಾಕ್ಲಿ, ಚೀಲದ ನಂಬರು, ಸೀಲ್ ನಂಬರು, ತೂಕ ಮೂರನ್ನೂ ಗೇಟ್ ಪಾಸಲ್ಲಿ ಬರೆದು ಡ್ರೈವರ್ ಸೈನ್ ತಗೊಳ್ಳಿ. ಸೀಲ್ ಒಡೆಯೋದು ಮೆಷಿನ್ ಮುಂದೆ, ನಿಮ್ಮ ಕಡೆಯೋರು ಒಬ್ರು ನಿಂತಿರುವಾಗಲೇ, ಕೊನೇ ಚೀಲ ಬ್ಲೇಡಿಗೆ ಬೀಳೋವರೆಗೂ ಅವ್ರು ಕಾಫಿಗೆ ಹೋಗೋ ಹಾಗಿಲ್ಲ. ಶ್ರೆಡರ್ ಇರೋ ಗಾಡೀನೇ ನಿಮ್ಮ ಗೇಟಿಗೆ ಬರುತ್ತೆ ಅಂದ್ರೆ ರೇಟ್ ಸ್ವಲ್ಪ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ, ಮಾಲು ಕೈ ಬದಲಾಗೋದು ಅಷ್ಟು ಕಮ್ಮಿ ಆಗುತ್ತೆ.

ಚೂರು ಎಷ್ಟು ಸಣ್ಣದು ಅಂತ್ಲೂ ಕೇಳಿ. ಉದ್ದುದ್ದ ಪಟ್ಟಿ ಥರ ಕತ್ತರಿಸೋದು ಸಾಲಲ್ಲ, 1979ರಲ್ಲಿ ಟೆಹ್ರಾನಿನ ಅಮೆರಿಕನ್ ಎಂಬಸಿಯಲ್ಲಿ ಶ್ರೆಡ್ ಮಾಡಿದ್ದ ಪಟ್ಟಿಗಳನ್ನ ಇರಾನಿನೋರು ಕೂತು ಜೋಡಿಸಿ ಓದಿಬಿಟ್ರು. ಐಎಸ್‌ಒ 21964 ಅಂತ ಸ್ಟ್ಯಾಂಡರ್ಡ್ ಇದೆ, ಅದರಲ್ಲಿ ಪೇಪರಿಗೆ ಪಿ-1ರಿಂದ ಪಿ-7ವರೆಗೆ ಲೆವೆಲ್, ನಂಬರ್ ಏರಿದಷ್ಟೂ ಚೂರು ಸಣ್ಣ. ಗುಟ್ಟಿನ ಆಫೀಸ್ ಪೇಪರಿಗೆ ಪಿ-4 ಕೇಳಿ, ಅಂದ್ರೆ ಒಂದು ಚೂರು 160 ಚದರ ಮಿಲಿಮೀಟರ್ ಮೀರಬಾರದು. ದೊಡ್ಡ ಮೆಷಿನ್‌ಗಳು ಎಷ್ಟೋ ಸಲ ಅಷ್ಟು ಸಣ್ಣಗೆ ಕತ್ತರಿಸಲ್ಲ, ಹಂಗಿದ್ರೆ ಚೂರು ಯಾವ ಮಿಲ್ಲಿಗೆ ನೀರಲ್ಲಿ ಕಲಸಿ ಪಲ್ಪ್ ಆಗೋಕೆ ಹೋಗುತ್ತೆ ಅಂತ ಹೆಸರು ಕೇಳಿ, ಮಿಲ್ ರಸೀದಿ ಕೇಳಿ.

ಹಾರ್ಡ್ ಡಿಸ್ಕ್ ಇದ್ರೆ ಇನ್ನೂ ಹುಷಾರು. ಡಿಲೀಟ್ ಮಾಡಿದೀವಿ ಅನ್ನೋದು ಲೆಕ್ಕಕ್ಕೇ ಇಲ್ಲ, ಎಸ್‌ಎಸ್‌ಡಿ, ಅಂದ್ರೆ ಚಿಪ್ಪಲ್ಲಿ ಡೇಟಾ ಇಡೋ ಡಿಸ್ಕ್ ಆದ್ರೆ, ಡಿಗಾಸ್ ಮಾಡೋ, ಅಂದ್ರೆ ಆಯಸ್ಕಾಂತದಿಂದ ಡೇಟಾ ಅಳಿಸೋ ಮೆಷಿನ್ನೂ ಕೆಲಸ ಮಾಡಲ್ಲ, ಪುಡಿ ಮಾಡಿಸಿ, ಸೀರಿಯಲ್ ನಂಬರ್ ಪಟ್ಟಿ ಇಟ್ಕೊಳ್ಳಿ. ಮಾರ್ಗನ್ ಸ್ಟಾನ್ಲಿ ಅಂಥ ಬ್ಯಾಂಕೇ ಡೇಟಾ ನಾಶದ ಅನುಭವ ಇಲ್ಲದ ಸಾಮಾನು ಸಾಗಿಸೋ ಕಂಪನಿಗೆ ಕೆಲಸ ಕೊಟ್ಟು, ಡಿಸ್ಕ್‌ಗಳು ಡೇಟಾ ಸಮೇತ ಆನ್‌ಲೈನ್ ಹರಾಜಲ್ಲಿ ಮಾರಾಟ ಆಗಿ, 2022ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ 3.5 ಕೋಟಿ ಡಾಲರ್ ದಂಡ ಕಟ್ಟಿತು. ನಮ್ಮಲ್ಲೂ 2023ರ ಡಿಪಿಡಿಪಿ ಕಾಯ್ದೆ (ಜನರ ವೈಯಕ್ತಿಕ ಡಿಜಿಟಲ್ ಮಾಹಿತಿ ಕಾಪಾಡೋ ಕಾಯ್ದೆ) ಪ್ರಕಾರ ಅಂಥ ಮಾಹಿತಿ ವೆಂಡರ್ ಕೈಯಿಂದ ಸೋರಿದ್ರೂ ಹೊಣೆ ನಿಮ್ದೇ, ದಂಡ 250 ಕೋಟಿವರೆಗೂ ಹೋಗಬಹುದು. ಬರೀ ಪೇಪರ್ ಆ ಕಾಯ್ದೆಗೆ ಬರಲ್ಲ ನಿಜ, ಆದ್ರೆ ಕ್ಲೈಂಟ್ ಜೊತೆ ಗುಟ್ಟು ಬಿಟ್ಟುಕೊಡಲ್ಲ ಅಂತ ಎನ್‌ಡಿಎ ಕರಾರಿಗೆ ಸೈನ್ ಹಾಕಿರ್ತೀರಲ್ಲ, ಅದು ಬಿಡುತ್ತಾ?

ಅಗ್ರಿಮೆಂಟಲ್ಲಿ ಒಂದು ಸಾಲು ಮರೀದೆ ಹಾಕಿಸಿ: ನಿಮ್ಮ ಲಿಖಿತ ಒಪ್ಪಿಗೆ ಇಲ್ದೆ ಬೇರೆಯೋರಿಗೆ ಕೆಲಸ ದಾಟಿಸೋ ಹಾಗಿಲ್ಲ, ಹೇಳದೆ ಕೇಳದೆ ಗೋಡೌನ್ ನೋಡೋಕೆ ಬರೋ ಹಕ್ಕು ನಿಮಗಿದೆ. ಸರ್ಟಿಫಿಕೇಟ್ ಎಲ್ಲರೂ ಕೊಡ್ತಾರೆ, ದಿನಾಂಕ, ಜಾಗ, ತೂಕ, ಸೀಲ್ ನಂಬರ್ ಇಲ್ದೆ "ನಾಶ ಮಾಡಲಾಗಿದೆ" ಅಂತ ಒಂದೇ ಸಾಲು ಇದ್ರೆ ವಾಪಸ್ ಕಳಿಸಿ, ಗೇಟ್ ಪಾಸ್ ತೂಕಕ್ಕೂ ಅದಕ್ಕೂ ತಾಳೆ ಆಗೋವರೆಗೆ ಬಿಲ್ ಪಾಸ್ ಮಾಡ್ಬೇಡಿ.