ಏರಿ ಎಂದರೆ ಮಣ್ಣಿನ ಗುಡ್ಡೆಯಲ್ಲ

ವಾರದ ಕೊನೆಗೆ ಹೋಗಿ ತಂಗಲೆಂದು ಮುಳಶಿ, ಪಾನಶೇತ್ ಕಡೆ ಜಾಗ ಕೊಂಡಿರುವ ಪುಣೆಯ ನಮ್ಮ ಕನ್ನಡಿಗರಲ್ಲಿ ಮೂವರು ಕೊಳ ಮಾಡಿಸಿದ್ದನ್ನು ನೋಡಿದ್ದೇನೆ. ಒಂದರ ಏರಿ ಮೊದಲ ಆಷಾಢಕ್ಕೇ ಕೊಚ್ಚಿಹೋಯಿತು. ಇನ್ನೊಂದರಲ್ಲಿ ದೀಪಾವಳಿಯ ಹೊತ್ತಿಗೆ ಕಪ್ಪೆಗೂ ನೀರಿರಲಿಲ್ಲ. ಮೂರನೆಯದು ಮಾತ್ರ ನಿಂತಿದೆ. ಅದರ ಯಜಮಾನರು ದಡದ ಮಂಟಪ, ದೋಣಿಗಳಿಗಿಂತ ಮೊದಲು ಏರಿಗೆ ದುಡ್ಡು ಎತ್ತಿಟ್ಟಿದ್ದರು.

ನೀವೂ ಇಂಥ ಕೊಳ ಮಾಡಿಸುವುದಾದರೆ, ಮೂರು ಕಡೆ ಏರು, ಒಂದು ಕಡೆ ಕಿರಿದಾದ ಬಾಯಿ ಇರುವ ಜಾಗ ಹುಡುಕಿ. ಹರಿಯುವ ಹಳ್ಳಕ್ಕೆ ಅಡ್ಡ ಕಟ್ಟಬೇಡಿ. ಅದು ನಿಮ್ಮ ಜಮೀನಿನೊಳಗೇ ಹಾದುಹೋದರೂ ಸರ್ಕಾರದ್ದು, ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯಲ್ಲಿ ಕೇಳದೆ ಮುಟ್ಟಿದರೆ ತಕರಾರು ಖಚಿತ. ಏರಿ ಮೂರು ಮೀಟರಿಗಿಂತ ಎತ್ತರವಾಗುವುದಾದರೆ ಈ ಲೇಖನವನ್ನು ಮಡಚಿಟ್ಟು ಇಂಜಿನಿಯರರನ್ನು ಕರೆಯಿರಿ.

ಹುಲ್ಲು, ಬೇರು ತುಂಬಿದ ಮೇಲ್ಮಣ್ಣನ್ನು ಒಂದು ಅಡಿ ಕೆರೆದು ಪಕ್ಕಕ್ಕೆ ಹಾಕಿಸಿ, ಕೊನೆಗೆ ಬೇಕಾಗುತ್ತದೆ. ನಂತರ ಏರಿಯ ನಡುಗೆರೆಯುದ್ದಕ್ಕೂ ಕಂದಕ ತೋಡಿಸಿ, ನೀರು ಬಿಡದ ಗಟ್ಟಿ ಜೇಡಿ ಅಥವಾ ಬಿರುಕಿಲ್ಲದ ಬಂಡೆ ಸಿಗುವವರೆಗೆ ಇಳಿಸಿ. ಇಲ್ಲಿನ ಗರಸು ಮಣ್ಣು, ಅಂದರೆ ಮರಾಠಿಯವರ ಮುರೂಮ್, ನೋಡಲು ಗಟ್ಟಿ. ನೀರಿಗೆ ಮಾತ್ರ ಜರಡಿ. ದೀಪಾವಳಿಗೆ ಬತ್ತಿದ ಕೊಳದಲ್ಲಿ ಈ ಕಂದಕವನ್ನೇ ತೋಡಿರಲಿಲ್ಲ. ಬರೀ ಎರೆಮಣ್ಣಿನಿಂದ ಕಟ್ಟಿದರೂ ಆಗದು, ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರಿಯುತ್ತದೆ. ನಡುವೆ ಜೇಡಿಮಣ್ಣಿನ ತಿರುಳು, ಎರಡೂ ಬದಿಗೆ ಗರಸಿನ ಹೊದಿಕೆ, ಇದೇ ಸರಿ.

ಇಳಿಜಾರಿನ ಲೆಕ್ಕ ಕೇಳಿ ಎಲ್ಲರೂ ಹೌಹಾರುತ್ತಾರೆ. ಒಂದು ಮೀಟರ್ ಎತ್ತರಕ್ಕೆ ನೀರಿನ ಕಡೆ ಮೂರು ಮೀಟರ್, ಹೊರಗಡೆ ಎರಡು ಮೀಟರ್ ಹರವು ಬೇಕು. ಮೇಲೆ ಎರಡೂವರೆ ಮೀಟರ್ ಅಗಲ ಇಟ್ಟರೆ, ಮೂರು ಮೀಟರ್ ಎತ್ತರದ ಏರಿಯ ತಳ 17.5 ಮೀಟರ್ ಆಗುತ್ತದೆ. ಇದರಲ್ಲಿ ಚೌಕಾಶಿಯಿಲ್ಲ.

ಇನ್ನು ಎಲ್ಲರೂ ಎಡವುವ ಕೆಲಸ, ಮಣ್ಣು ದಮ್ಮಸು ಮಾಡುವುದು. ಜೆಸಿಬಿಯವನು ಒಂದು ಮೀಟರ್ ಮಣ್ಣು ಸುರಿದು, ಮಗುವಿನ ಬೆನ್ನು ತಟ್ಟಿದಂತೆ ಬಕೆಟ್ಟಿನಿಂದ ನಾಲ್ಕು ಬಾರಿ ತಟ್ಟಿ, ಸಂಜೆಗೆ ಬಿಲ್ಲು ಕೊಟ್ಟು ಹೋಗುತ್ತಾನೆ. ಕೊಚ್ಚಿಹೋದ ಏರಿಯನ್ನು ಕಟ್ಟುವಾಗ ಸಿಂದಗಿ ಕಡೆಯ ಹಿರಿಯ ಕೆಲಸಗಾರರೊಬ್ಬರು ಇದನ್ನು ನೋಡಿ, “ಸಾಹೇಬರೇ, ಇದು ಏರಿಯಲ್ಲ, ಮಣ್ಣಿನ ಗುಡ್ಡೆ” ಎಂದಿದ್ದರು. ಸಾಹೇಬರು ನಕ್ಕರು.

ಒಂದು ಸಲಕ್ಕೆ 15ರಿಂದ 20 ಸೆಂಟಿಮೀಟರ್ ಮಣ್ಣು ಹರಡಿಸಿ, ಹೆಚ್ಚಲ್ಲ. ಹೆಂಟೆ ಒಡೆಸಿ, ಬೇರು, ದಪ್ಪ ಕಲ್ಲು ಆರಿಸಿ ತೆಗೆಸಿ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿ ನೋಡಿ: ತಂಬಿಟ್ಟಿನ ಹಾಗೆ ಉಂಡೆಗೆ ಬರಬೇಕು, ಅಂಗೈಗೆ ನೀರು ಅಂಟಬಾರದು, ಹೆಬ್ಬೆರಳಿನಿಂದ ಒತ್ತಿದರೆ ಎರಡು ಮೂರು ಹೋಳಾಗಬೇಕು. ಪುಡಿಯಾದರೆ ನೀರು ಚಿಮುಕಿಸಿ ಕಾಯಿರಿ. ಬೆರಳಚ್ಚು ಮೂಡಿ ಮೆತ್ತಗೆ ಕುಳಿತರೆ ಒಂದು ದಿನ ಒಣಗಲು ಬಿಡಿ. ಹದ ಬಂದ ಮೇಲೆ ಗೂಟಗಳಿರುವ ರೋಲರನ್ನು ಏಳೆಂಟು ಸಲ ಓಡಿಸಿ. ಮೇಲಿನ ಪದರ ಹಾಕುವ ಮುನ್ನ ಕೆಳಗಿನದನ್ನು ಗೀರಿ ತೇವ ಮಾಡಿಸಿ, ಇಲ್ಲವಾದರೆ ಎರಡು ಪದರ ಬೆಸೆಯದೆ ನಡುವೆ ನೀರು ದಾರಿ ಮಾಡಿಕೊಳ್ಳುತ್ತದೆ. ದಮ್ಮಸಾದ ಮೇಲೆ ಪದರ ತೆಳುವಾಗುವುದರಿಂದ ಮೂರು ಮೀಟರಿಗೆ ಇಪ್ಪತ್ತಕ್ಕೂ ಹೆಚ್ಚು ಪದರ. ಬೇಸರದ ಕೆಲಸವೇ, ಕುರ್ಚಿ ಹಾಕಿಕೊಂಡು ಎದುರಿಗೇ ಕೂರಿ. ಇಷ್ಟಾದರೂ ಹೊಸ ಏರಿ ತಗ್ಗುತ್ತದೆ. ಮೂರು ಮೀಟರ್ ಬೇಕಿದ್ದರೆ ಕಾಲು ಮೀಟರ್ ಹೆಚ್ಚಿಗೆ ಕಟ್ಟಿಸಿ.

ನೀರು ಹೊರಬಿಡುವ ತೂಬಿಗೆಂದು ಏರಿಯೊಳಗೆ ಪೈಪ್ ಹಾಯಿಸುವುದನ್ನು ನಾನು ಒಪ್ಪುವುದಿಲ್ಲ. ಪೈಪಿನ ಪಕ್ಕದ ಮಣ್ಣು ಎಂದೂ ಸರಿಯಾಗಿ ಬಿಗಿಯಾಗುವುದಿಲ್ಲ, ನೀರು ಅದರ ಗುಂಟ ಜಾರುತ್ತದೆ. 1961ರ ಜುಲೈ 12ರಂದು ಒಡೆದು ಪುಣೆಯನ್ನು ಮುಳುಗಿಸಿದ ಪಾನಶೇತ್ ಅಣೆಕಟ್ಟೂ ಮಣ್ಣಿನದೇ. ಅಲ್ಲಿಯೂ ಏರಿ ಮೊದಲು ತಗ್ಗಿದ್ದು ತೂಬಿನ ಕೊಳವೆಯ ನೇರಕ್ಕೆ. ಸಣ್ಣ ಕೊಳಕ್ಕೆ ಏರಿಯ ಮೇಲಿಂದ ಹಾಯಿಸಿ ನೀರು ಎಳೆದುಬಿಡುವ ಸೈಫನ್ ಕೊಳವೆ ಸಾಕು.

ಹೆಚ್ಚಾದ ನೀರು ಹರಿದುಹೋಗುವ ಕೋಡಿಯನ್ನು ಮಾತ್ರ ಮರೆಯಬೇಡಿ. ಅದು ಏರಿಯ ಮೇಲಲ್ಲ, ಪಕ್ಕದ ಅಗೆಯದ ಗಟ್ಟಿನೆಲದಲ್ಲಿ, ಏರಿಯ ತಲೆಗಿಂತ ಸುಮಾರು ಒಂದು ಮೀಟರ್ ತಗ್ಗಿನಲ್ಲಿರಲಿ. ಪುಣೆ ನಗರದ ಮಳೆ ನೋಡಿ ಅಗಲ ನಿರ್ಧರಿಸಬೇಡಿ. ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಬಿದ್ದರೆ ಮುಳಶಿಯಾಚೆಯ ತಾಮ್ಹಿಣಿ ಘಾಟಿನಲ್ಲಿ 5,000 ದಾಟುತ್ತದೆ. ಕೋಡಿಗೆ ಮೀನು ತಡೆಯುವ ಬಲೆ ಕಟ್ಟಿದವರೂ ಇದ್ದಾರೆ. ಎಲೆ ಕಸ ಕಟ್ಟಿಕೊಂಡು ಬಲೆಯೇ ಗೋಡೆಯಾಗಿ ನೀರು ಏರಿಯ ಮೇಲೆ ಹತ್ತಿತು.

ಅಂಗಡಿಯವರು 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿ ಎನ್ನುತ್ತಾರೆ. ಹೊಲದ ಕೃಷಿಹೊಂಡಕ್ಕೆ ಸರಿ, ಮಕ್ಕಳು ಆಡುವ ಕೊಳಕ್ಕೆ ಬೇಡವೇ ಬೇಡ. ಪಾಚಿ ಕಟ್ಟಿದ ಹಾಳೆಯ ಮೇಲೆ ಈಜು ಬಲ್ಲವರೂ ಹತ್ತಿ ಬರಲಾರರು. ಹಾಸಿಯಾಗಿದ್ದರೆ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ.

ಕೆರೆದಿಟ್ಟ ಮೇಲ್ಮಣ್ಣನ್ನು ಹೊರಮೈಗೆ ಹೊದಿಸಿ ಗರಿಕೆ, ಅಂಚಿಗೆ ಲಾವಂಚ. ನೀರಿನ ಕಡೆ ಕಲ್ಲುಹಾಸು. ನೆರಳಿಗೆಂದು ಏರಿಯ ಮೇಲೆ ಗುಲ್‌ಮೊಹರ್ ನೆಡಬೇಡಿ, ಸತ್ತ ಬೇರು ಕೊಳವೆಯಾಗುತ್ತದೆ. ಹೆಗ್ಗಣ, ಏಡಿಗಳ ಬಿಲ ಕಂಡ ದಿನವೇ ಜೇಡಿ ಜಡಿದು ಮುಚ್ಚಿ. 2019ರಲ್ಲಿ ರತ್ನಾಗಿರಿಯ ತಿವರೆ ಅಣೆಕಟ್ಟು ಒಡೆದಾಗ ಸಚಿವರೊಬ್ಬರು ತಪ್ಪನ್ನೆಲ್ಲ ಏಡಿಗಳ ತಲೆಗೇ ಕಟ್ಟಿದ್ದರು!

ಮೊದಲ ಮಳೆಗಾಲದಲ್ಲಿ ದಿನವೂ ಏರಿಯ ಹೊರಬುಡದಲ್ಲಿ ನಡೆದು ನೋಡಿ. ಜಿನುಗುವ ನೀರು ತಿಳಿಯಾಗಿದ್ದರೆ ಗೂಟ ನೆಟ್ಟು ಗುರುತಿಟ್ಟು, ಮರುದಿನ ಹೆಚ್ಚಿದೆಯೇ ಎಂದು ಹೋಲಿಸಿ. ಕದಡಿದ್ದರೆ ಏರಿಯ ಒಳಮಣ್ಣು ಹೊರಡುತ್ತಿದೆ. ತಕ್ಷಣ ಕೆಳಗಿನ ಮನೆಗಳವರನ್ನು ಎಬ್ಬಿಸಿ, ಸೈಫನ್ ಶುರು ಮಾಡಿ. ಇಂಜಿನಿಯರರಿಗೆ ಫೋನು ಆಮೇಲೆ.