ಪ್ರಾಕ್ಟಿಕಲ್ ಶೂಟಿಂಗಿಗೆ ಪಿಸ್ತೂಲು ಆರಿಸಿದ್ದು – ನನ್ನ ಅನುಭವ

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ಮನೆಯಲ್ಲಿ ಅಪ್ಪನ ಹೆಸರಲ್ಲಿ ಒಂದು ಕೋವಿ ಇತ್ತು, ಬೆಳೆ ರಕ್ಷಣೆಗೆ ಅಂತ ಲೈಸನ್ಸ್ ಮಾಡಿದ್ದು, ಇಲೆಕ್ಷನ್ ಬಂದಾಗೆಲ್ಲ ಅದನ್ನು ಸ್ಟೇಷನ್ನಿಗೆ ಕೊಂಡುಹೋಗಿ ಇಟ್ಟು ಬರುವುದು, ರಿಸಲ್ಟ್ ಆದ ಮೇಲೆ ತರುವುದು. ಕೋವಿ ಅಂದ್ರೆ ನನಗೆ ಅಷ್ಟೇ ಗೊತ್ತಿದ್ದದ್ದು. ಅದರಲ್ಲಿ ಓಡಿಕೊಂಡು ಆಡುವ ಪ್ರಾಕ್ಟಿಕಲ್ ಶೂಟಿಂಗ್ ಅಂತ ಒಂದು ಆಟ ಉಂಟು ಅಂತ ಗೊತ್ತಾದದ್ದು ಕೆಲಸಕ್ಕೆ ಅಮೆರಿಕಕ್ಕೆ ಹೋದ ಮೇಲೆ, ನಮ್ಮ ಆಫೀಸಿನಲ್ಲೇ ಇದ್ದ ಪುತ್ತೂರಿನವ ಒಬ್ಬ ಭಾನುವಾರ ಬೆಳಿಗ್ಗೆ "ಬಾ ಮಾರಾಯ, ಸುಮ್ನೆ ನೋಡ್ಲಿಕ್ಕೆ" ಅಂತ ಕರ್ಕೊಂಡು ಹೋದದ್ದು. ಈಗ ಊರಿಗೆ ಬಂದಾಗಿದೆ, ಆದ್ರೂ ಯಾರಾದ್ರೂ ಕೇಳ್ತಾ ಇರ್ತಾರೆ, ಅಲ್ಲಿ ಹೊಸದಾಗಿ ಸುರು ಮಾಡುವವರು ಯಾವ ಪಿಸ್ತೂಲು ತಗೊಳ್ಬೇಕು ಅಂತ. ಅದಕ್ಕೆ ನಾನು ಮಾಡಿದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಒಮ್ಮೆ ಬರೆದೇಬಿಡುವ ಅಂತ ಕೂತೆ.

ಮೊದಲು ಒಂದು ಕಾನೂನಿನ ವಿಷಯ, ಇದನ್ನು ಬಿಟ್ಟು ಮುಂದೆ ಹೋಗ್ಬೇಡಿ. ಎಚ್1ಬಿ ತರದ ವೀಸಾದಲ್ಲಿ ಇರುವವರು ಅಲ್ಲಿಯ ಫೆಡರಲ್ ಕಾನೂನಿನ ಪ್ರಕಾರ ಪಿಸ್ತೂಲಾಗಲಿ ಗುಂಡಾಗಲಿ ಇಟ್ಕೊಳ್ಳುವ ಹಾಗಿಲ್ಲ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸನ್ಸ್ ಇದ್ರೆ ವಿನಾಯಿತಿ ಉಂಟು. ಗೆಳೆಯನ ಪಿಸ್ತೂಲು ಅಲ್ವಾ ಅಂತ ಕೈಗೆ ತಗೊಂಡ್ರೂ ಅದೇ ಕಾನೂನು. ನಾನು ಮೊದಲ ಸಲ ಬರೀ ನೋಡಿ ಬಂದೆ, ಹಂಟಿಂಗ್ ಲೈಸನ್ಸ್ ಮಾಡಿಸಿದ ಮೇಲೆಯೇ ಮುಟ್ಟಿದ್ದು.

ಆಟ ಹೇಗೆ ಅಂತ ಹೇಳದೆ ಪಿಸ್ತೂಲಿನ ಮಾತು ಅರ್ಥ ಆಗುವುದಿಲ್ಲ. ಐಪಿಎಸ್‌ಸಿ ಅಂತ ಇದಕ್ಕೆ ಅಂತಾರಾಷ್ಟ್ರೀಯ ಸಂಸ್ಥೆ, 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸುರುವಾದದ್ದು, ಜೆಫ್ ಕೂಪರ್ ಮೊದಲ ಅಧ್ಯಕ್ಷ. ಅಮೆರಿಕದಲ್ಲಿ ನಡೆಸುವುದು ಯುಎಸ್‌ಪಿಎಸ್‌ಎ. ರಟ್ಟಿನ ಟಾರ್ಗೆಟ್, ಬೀಳುವ ಕಬ್ಬಿಣದ ಪ್ಲೇಟು, ಅಡ್ಡ ಗೋಡೆ, ಕಿಟಕಿ ಎಲ್ಲ ಇಟ್ಟು ಒಂದು ಸ್ಟೇಜ್ ಮಾಡ್ತಾರೆ, ಟೈಮರ್ ಬೀಪ್ ಅಂದ ಕೂಡ್ಲೇ ಸೊಂಟದಿಂದ ತೆಗೆದು ಓಡಿಕೊಂಡು ಹೊಡಿಬೇಕು. ಅಂಕವನ್ನು ಸೆಕೆಂಡಿನಿಂದ ಭಾಗಿಸಿದ್ರೆ ಬರುವುದು ಹಿಟ್ ಫ್ಯಾಕ್ಟರ್. 24 ಗುಂಡಿನ ಸ್ಟೇಜಿನಲ್ಲಿ ಎಲ್ಲವೂ ನಡುವಿನ ಎ ಜೋನಿಗೆ ಬಿದ್ರೆ 120 ಅಂಕ, 20 ಸೆಕೆಂಡು ತಗೊಂಡ್ರೆ 6. ಇನ್ನೊಬ್ಬ ಐದು ಗುಂಡನ್ನು ಅದರ ಹೊರಗಿನ ಸಿ ಜೋನಿಗೆ ಬಿಟ್ಟು 110 ಅಂಕ ಮಾಡಿ 16 ಸೆಕೆಂಡಿನಲ್ಲಿ ಮುಗಿಸಿದ್ರೆ 6.875, ಅವನೇ ಮೇಲೆ. ಅಂದ್ರೆ ನಿಮ್ಮ ಪಿಸ್ತೂಲು ಬೇಗ ಮತ್ತೆ ಗುರಿಗೆ ಬರ್ಬೇಕು, ಅದೂ ಪ್ರತಿ ಸಲ ಒಂದೇ ಹಾಗೆ. ಹತ್ತಿರದ ಟಾರ್ಗೆಟ್ ಮೂರು ಮೀಟರಿನಲ್ಲಿ ಇರ್ತದೆ, ಕೂದಲೆಳೆಯ ನಿಖರತೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನನ್ನ ಮೊದಲ ತಪ್ಪು ಎಂತ ಅಂದ್ರೆ ಪಿಸ್ತೂಲು ಮೊದಲು ತಗೊಂಡು ಡಿವಿಜನ್, ಅಂದ್ರೆ ಪಿಸ್ತೂಲಿನ ತರ ನೋಡಿ ಮಾಡಿದ ವಿಭಾಗ, ಆಮೇಲೆ ಯೋಚನೆ ಮಾಡಿದ್ದು. ಅಂಗಡಿಯಲ್ಲಿ ಚಂದ ಕಂಡಿತು, .40 ಕ್ಯಾಲಿಬರಿನದ್ದು, ತಗೊಂಡೆ. ದೊಡ್ಡ ಗುಂಡಿಗೆ ಜಾಸ್ತಿ ಅಂಕ ಅಂತ ಯಾರೋ ಹೇಳಿದ್ರು, ಅದು ಸುಳ್ಳೂ ಅಲ್ಲ, ಗುಂಡಿನ ಬಲ ಅಳೆಯುವ ಪವರ್ ಫ್ಯಾಕ್ಟರ್ ಮೇಜರ್ ಇದ್ರೆ ಸಿ ಜೋನಿಗೆ 4 ಅಂಕ, ಮೈನರಿಗೆ 3. ಆದ್ರೆ ನಾನು ಆಡ್ಲಿಕ್ಕೆ ಹೋದದ್ದು ಪ್ರೊಡಕ್ಷನ್ ಡಿವಿಜನ್, ಅಲ್ಲಿ ಎಲ್ಲರಿಗೂ ಮೈನರ್ ಅಂಕವೇ, ನೀವು ಫಿರಂಗಿ ತಂದ್ರೂ ಸಹ! ಹಾಗಾಗಿ ಜಾಸ್ತಿ ಒದೆ, ಜಾಸ್ತಿ ಖರ್ಚು, ಲಾಭ ಸೊನ್ನೆ. ಪವರ್ ಫ್ಯಾಕ್ಟರ್ ಲೆಕ್ಕ ಸುಲಭ, ಬುಲೆಟಿನ ತೂಕ ಗ್ರೇನಿನಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಅಂತ, ಗುಣಿಸಿ ಸಾವಿರದಿಂದ ಭಾಗಿಸುವುದು. 9 ಎಂಎಂನಲ್ಲಿ 147 ಗ್ರೇನ್ 900 ಅಡಿ ವೇಗದಲ್ಲಿ ಹೋದ್ರೆ 132, ಮೈನರಿಗೆ ಬೇಕಾದದ್ದು 125, ಸಾಕು. ಒಂದು ಕ್ಲಬ್ ಮ್ಯಾಚಿಗೇ 120–150 ಗುಂಡು ಹೋಗ್ತದೆ, ಪ್ರಾಕ್ಟೀಸಿಗೆ ಬೇರೆ, ಹಾಗಿರುವಾಗ ಕಡಿಮೆ ಬೆಲೆಗೆ ಸಿಗುವ 9 ಎಂಎಂ ಬಿಟ್ಟು ಬೇರೆ ಯೋಚನೆ ಹೊಸಬರು ಮಾಡ್ಲೇಬಾರ್ದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆ ಮೊದಲಿನದ್ದು ನನ್ನ ಕೈಗೆ ಕೂರಲೂ ಇಲ್ಲ. ನನ್ನ ಕೈ ಸಣ್ಣದು. ಟ್ರಿಗರಿಗೆ ಬೆರಳು ಮುಟ್ಟಿಸ್ಲಿಕ್ಕೆ ಪಿಸ್ತೂಲನ್ನು ಅಂಗೈಯಲ್ಲಿ ಸ್ವಲ್ಪ ತಿರುಗಿಸಿ ಹಿಡಿಬೇಕಿತ್ತು, ಹಾಗೆ ಹಿಡಿದ್ರೆ ಒದೆ ಹೆಬ್ಬೆರಳಿನ ಗೆಣ್ಣಿಗೆ ಬರ್ತದೆ, ಎರಡನೇ ಗುಂಡು ಯಾವಾಗ್ಲೂ ಎಡಕ್ಕೆ. ನಾನು ತಿಂಗಳುಗಟ್ಟಲೆ ಪ್ರಾಕ್ಟೀಸ್ ಸಾಕಾಗ್ಲಿಲ್ಲ ಅಂತಲೇ ತಿಳ್ಕೊಂಡಿದ್ದೆ. ಕ್ಲಬ್ಬಿನಲ್ಲಿ ಒಬ್ರು ವಯಸ್ಸಾದ ರೇಂಜ್ ಆಫೀಸರ್ ಇದ್ರು, ಅವರು ಒಂದು ದಿನ ಟಾರ್ಗೆಟ್ ನೋಡಿದ್ದೇ ಇಲ್ಲ, ನನ್ನ ಮಣಿಗಂಟು ನೋಡಿದ್ರು, ಪಿಸ್ತೂಲು ನಿನ್ನ ಕೈಗೆ ದೊಡ್ಡದು ಅಂದ್ರು. ನನಗೆ ಕೂಡ್ಲೇ ನೆನಪಾದದ್ದು ನಮ್ಮೂರಿನ ಆಚಾರಿ. ಕತ್ತಿಗೆ ಹಿಡಿ ಹಾಕಿಸ್ಲಿಕ್ಕೆ ಹೋದ್ರೆ ಅವರು ಕತ್ತಿ ನೋಡುವ ಮೊದಲು "ಯಾರಿಗೆ, ಅಪ್ಪನಿಗಾ ನಿನಗಾ" ಅಂತ ಕೇಳಿ ಕೈ ಬಿಡಿಸಿ ನೋಡ್ತಿದ್ರು, ಇದು ನನಗೆ ಗೊತ್ತಿದ್ದ ವಿಷಯವೇ, ಅಲ್ಲಿ ಅಂಗಡಿಯ ಗಾಜಿನ ಎದುರು ಮರೆತುಹೋದದ್ದು.

ಆ ರೇಂಜ್ ಆಫೀಸರ್ ಹೇಳಿಕೊಟ್ಟ ಪರೀಕ್ಷೆ ಇದು. ಪಿಸ್ತೂಲು ಖಾಲಿ ಉಂಟಾ ಅಂತ ಎರಡು ಸಲ ನೋಡಿ. ಮಣಿಗಂಟಿನಿಂದ ಮೊಣಕೈವರೆಗಿನ ಎಲುಬಿನ ಗೆರೆಗೆ ಪಿಸ್ತೂಲಿನ ಹಿಂಭಾಗ ನೇರ ಬರುವ ಹಾಗೆ ಹಿಡಿರಿ. ಈಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತಗಿನ ಭಾಗ ಟ್ರಿಗರಿನ ಮೇಲೆ ಬರ್ಬೇಕು, ಹಿಡಿತ ಬದಲಾಯಿಸದೆ. ಆಮೇಲೆ ಕಣ್ಣು ಮುಚ್ಚಿ, ಗೋಡೆಯ ಮೇಲೆ ಒಂದು ಚುಕ್ಕೆಯ ಕಡೆಗೆ ಎತ್ತಿ, ಕಣ್ಣು ಬಿಡಿ. ಗುರಿ ನೋಡುವ ಮುಂದಿನ ಸೈಟ್ ಹಿಂದಿನ ಸೈಟಿನ ಖಾಂಚಿನಲ್ಲಿ ಸರಿಯಾಗಿ ಕಂಡ್ರೆ ಆ ಪಿಸ್ತೂಲು ನಿಮ್ಮದು. ಒಂದು ಸಲ ಅಲ್ಲ, ಹತ್ತು ಸಲ ಮಾಡಿ ನೋಡಿ.

ಹಳೆಯದನ್ನು ಮಾರಿ ಮತ್ತೆ ಮೂರು ತಿಂಗಳು ನಾನು ಎಂತದ್ದೂ ತಗೊಳ್ಳಲಿಲ್ಲ, ಬೇರೆಯವರದ್ದನ್ನು ಕೇಳಿ ಹೊಡೆದೆ. ಪ್ರಾಕ್ಟಿಕಲ್ ಶೂಟರುಗಳು ಈ ವಿಷಯದಲ್ಲಿ ಭಾರಿ ಒಳ್ಳೆಯ ಜನ, ಮ್ಯಾಚ್ ಮುಗಿದ ಮೇಲೆ ಕೇಳಿದ್ರೆ ಗುಂಡು ಸಮೇತ ಕೊಡ್ತಾರೆ. ಗ್ಲಾಕ್ 34 ಹೊಡೆದೆ, ಹಗುರ, ಗುಂಡು ತುಂಬುವ ಮ್ಯಾಗಜಿನ್ ಖಾಲಿ ಇದ್ದದ್ದು ಸೇರಿ ಮುಕ್ಕಾಲು ಕೆಜಿಯ ಹತ್ತಿರ, ಮೊದಲ ಗುಂಡಿನಿಂದ ಕೊನೆಯದರವರೆಗೆ ಟ್ರಿಗರ್ ಒಂದೇ ತರ, ಭಾಗಗಳು ಎಲ್ಲಿ ಬೇಕಾದ್ರೂ ಸಿಗ್ತದೆ. ಸಿಝಡ್ ಶ್ಯಾಡೋ 2 ಹೊಡೆದೆ, ಪೂರ್ತಿ ಸ್ಟೀಲು, 1.3 ಕೆಜಿ ಆಸುಪಾಸು, ಆ ತೂಕವೇ ಒದೆಯನ್ನು ತಿಂದುಬಿಡ್ತದೆ, ಮೇಲಿನ ಜಾರುವ ಭಾಗ, ಸ್ಲೈಡ್, ಫ್ರೇಮಿನ ಒಳಗೆ ಓಡುವ ಕಾರಣ ಬ್ಯಾರೆಲ್ ಕೈಗೆ ಹತ್ತಿರ ಕೂರ್ತದೆ, ಮೂತಿ ಕಡಿಮೆ ಏಳ್ತದೆ. ಆದ್ರೆ ಪ್ರೊಡಕ್ಷನ್‌ನಲ್ಲಿ ಪಿನ್ನಿಗೆ ಬಡಿಯುವ ಹ್ಯಾಮರ್ ಇಳಿಸಿ ಸುರು ಮಾಡ್ಬೇಕು, ಮೊದಲ ಗುಂಡಿಗೆ ಟ್ರಿಗರ್ ಉದ್ದ ಮತ್ತು ಭಾರ, ಎರಡನೆಯದರಿಂದ ಹಗುರ. ನನಗೆ ಈ ಶ್ಯಾಡೋ 2 ಪಿಸ್ತೂಲೇ ಕೂತದ್ದು, ಅದೂ ತೆಳು ಗ್ರಿಪ್ ಹಾಕಿದ ಮೇಲೆ. ನಮ್ಮ ಪುತ್ತೂರಿನವನ ಕೈ ದೊಡ್ಡದು, ಅವ ಇವತ್ತಿಗೂ ಗ್ಲಾಕ್ ಬಿಡ್ಲಿಲ್ಲ, ಸುಮಾರು ಮ್ಯಾಚಿನಲ್ಲಿ ನನಗಿಂತ ಮೇಲೆಯೇ ಇರ್ತಿದ್ದ.

ದುಡ್ಡಿನ ಲೆಕ್ಕ ಹಾಕುವಾಗ ಪಿಸ್ತೂಲಿಗೆ ಮಾತ್ರ ಹಾಕ್ಬೇಡಿ. ನಾನು ಆಡುವಾಗ ಪ್ರೊಡಕ್ಷನ್‌ನಲ್ಲಿ ಮ್ಯಾಗಜಿನ್ನಿಗೆ 10 ಗುಂಡು ಮಾತ್ರ, 32 ಗುಂಡಿನ ಸ್ಟೇಜಿನಲ್ಲಿ ಚೇಂಬರಿನಲ್ಲಿ ಮೊದಲೇ ಇರುವ ಒಂದು ಸೇರಿ 11, ಮತ್ತೆ 10, ಮತ್ತೆ 10, ಒಟ್ಟು 31, ಒಂದಕ್ಕೆ ಕಡಿಮೆ. ಅಲ್ಲದೆ ನಡೆಯುವಾಗಲೇ ಅರ್ಧ ಖಾಲಿಯಾದದ್ದನ್ನು ಬದಲಾಯಿಸ್ತೇವೆ, ಹಾಗಾಗಿ ಐದಾರು ಮ್ಯಾಗಜಿನ್ ಬೇಕೇ ಬೇಕು, ಗಟ್ಟಿ ಬೆಲ್ಟ್, ಹೋಲ್‌ಸ್ಟರ್, ಪೌಚ್ ಬೇರೆ.

ಇನ್ನೊಂದು ನೋವಿನ ಪಾಠ. ಮೊದಲ ಗುಂಡಿನ ಭಾರ ಕಡಿಮೆ ಮಾಡ್ಲಿಕ್ಕೆ ನಾನೇ ಹ್ಯಾಮರ್ ಸ್ಪ್ರಿಂಗ್ ಬದಲಾಯಿಸಿ ತುಂಬಾ ಮೆತ್ತಗಿನದ್ದು ಹಾಕಿದೆ. ಮನೆಯಲ್ಲಿ ಖಾಲಿ ಎಳೆದು ನೋಡುವಾಗ ಬೆಣ್ಣೆ. ಮ್ಯಾಚಿನಲ್ಲಿ ಬೀಪ್ ಆಯ್ತು, ತೆಗೆದೆ, ಎಳೆದೆ, ಟಿಕ್ ಅಂತ ಬರೀ ಶಬ್ದ. ಸ್ಲೈಡ್ ಎಳೆದು ಅದನ್ನು ಹೊರಗೆ ಹಾಕಿ ಮುಂದೆ ಹೋದೆ, ಅದೇ ಸ್ಟೇಜಿನಲ್ಲಿ ಮತ್ತೊಮ್ಮೆ ಟಿಕ್. ಮುಗಿದ ಮೇಲೆ ಮಣ್ಣಿನಿಂದ ಆ ಗುಂಡು ಹೆಕ್ಕಿ ನೋಡಿದ್ರೆ ಪ್ರೈಮರಿನ ಮೇಲೆ, ಅಂದ್ರೆ ಗುಂಡಿನ ಹಿಂಬದಿಯಲ್ಲಿ ಪೆಟ್ಟಿಗೆ ಸಿಡಿಯುವ ಭಾಗದ ಮೇಲೆ, ಉಗುರು ತಾಗಿದಷ್ಟೇ ಗುರುತು, ಪಿನ್ನಿಗೆ ಸಾಕಷ್ಟು ಪೆಟ್ಟೇ ಸಿಗ್ಲಿಲ್ಲ. ಪ್ರೈಮರ್ ಕೆಲವು ಗಟ್ಟಿ, ಕೆಲವು ಮೆತ್ತಗೆ, ಸ್ಪ್ರಿಂಗ್ ಇಳಿಸುವವರು ತಾವು ಹೊಡೆಯುವ ಗುಂಡಿನಲ್ಲೇ ಪರೀಕ್ಷೆ ಮಾಡ್ಬೇಕು. ಅಲ್ಲಿಂದ ನಾನು ಯಾವ ಭಾಗ ಬದಲಾಯಿಸಿದ್ರೂ 200 ಗುಂಡು ತಡೆಯಿಲ್ಲದೆ ಹೋಗದೆ ಮ್ಯಾಚಿಗೆ ಕೊಂಡುಹೋಗಲಿಲ್ಲ. ಆ ಭಾರದ ಮೊದಲ ಎಳೆತಕ್ಕೆ ಮದ್ದು ಸ್ಪ್ರಿಂಗಿನಲ್ಲಿ ಇರ್ಲಿಲ್ಲ, ದಿನಾ ರಾತ್ರಿ ಹದಿನೈದು ನಿಮಿಷ ಖಾಲಿ ಪಿಸ್ತೂಲಿನಲ್ಲಿ, ಗುಂಡನ್ನು ಬೇರೆ ಕೋಣೆಯಲ್ಲಿಟ್ಟು, ಡ್ರೈ ಫೈರ್ ಮಾಡಿದ್ದರಲ್ಲಿ ಸಿಕ್ಕಿತು.

ಊರಿಗೆ ಬರುವಾಗ ಅದನ್ನು ಕ್ಲಬ್ಬಿನವರಿಗೇ ಮಾರಿ ಬಂದೆ, ನಮ್ಮಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಅಂದ್ರೆ ನಿಷೇಧಿಸಿದ ಗಾತ್ರ, ಸಾಮಾನ್ಯರಿಗೆ ಇಲ್ಲ. ಮನಸ್ಸಿಗೆ ಬೇಸರ ಆದದ್ದು ಹೌದು.

ಈಗ ಭಾವನ ಮಗ ಕಾಲೇಜಿನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಸುರು ಮಾಡಿದ್ದಾನೆ. ಆಟ ಬೇರೆ, ನಿಂತಲ್ಲೇ ನಿಂತು ಒಂದೇ ಕೈಯಲ್ಲಿ, ಟ್ರಿಗರ್ ಕನಿಷ್ಠ 500 ಗ್ರಾಂ. "ಮಾವ, ಯಾವ ಕಂಪೆನಿದು ತಗೊಳ್ಳುದು?" ಅಂತ ಕೇಳಿದ. ಕಂಪೆನಿ ಆಮೇಲೆ, ಕೈ ಕೊಡು ನೋಡುವ ಅಂದೆ. ಅವನ ಕ್ಲಬ್ಬಿನ ಪಿಸ್ತೂಲಿನ ಮರದ ಗ್ರಿಪ್ಪಿನಲ್ಲಿ ಅಂಗೈಯ ಗುಳಿಯ ಹತ್ರ ಕಿರುಬೆರಳು ಹೋಗುವಷ್ಟು ಖಾಲಿ ಉಳಿತದೆ. ಸಾರ್ ಹತ್ರ ಕೇಳಿ ಒಪ್ಪಿಗೆ ತಗೊಂಡಿದ್ದೇವೆ, ಮರದ ಪುಟ್ಟಿ ಮತ್ತು 120ರ ಸ್ಯಾಂಡ್‌ಪೇಪರ್ ತಂದಿಟ್ಟಾಗಿದೆ, ಬರುವ ಭಾನುವಾರ ಅಂಗಳದಲ್ಲಿ ಕೂತು ತುಂಬಿಸಿ ಉಜ್ಜುವುದು.